ಕೀಲುವಾತ, ಕೆಮ್ಮು, ದಮ್ಮು: ಗ್ರೂಪಿನಲ್ಲಿ ಡಾಕ್ಟರಿಗೆ ಕೇಳಿದ್ದು

ಇಳಕಲ್‌ನಿಂದ: ನಮಸ್ಕಾರ ಸರ್. ಅಪ್ಪನಿಗೆ 58. 7 ವರ್ಷದಿಂದ ಕೀಲುವಾತ, ಮೆಥೋಟ್ರೆಕ್ಸೇಟ್ ನಡೆದಿದೆ. 6 ತಿಂಗಳಿಂದ ಒಣಕೆಮ್ಮು, ಮಾಳಿಗೆ ಹತ್ತಿದರೆ ದಮ್ಮು. ಬಾಗಲಕೋಟೆಯ ಶ್ವಾಸಕೋಶದ ಡಾಕ್ಟರು ಆ ಗುಳಿಗೆ ಬಿಡಿ ಅಂದರು. ಬೆಳಗಾವಿಯ ಕೀಲಿನ ಡಾಕ್ಟರು ಬಿಡಬೇಡಿ ಅಂದರು. ಯಾರ ಮಾತು ಕೇಳೋದು?

ಡಾಕ್ಟರ್: ಇಬ್ಬರದ್ದೂ ತಪ್ಪಿಲ್ಲ. ಮೆಥೋಟ್ರೆಕ್ಸೇಟ್‌ನಿಂದ ಶ್ವಾಸಕೋಶಕ್ಕೆ ಉರಿಯೂತ ಬರುವುದುಂಟು, ಆದರೆ ಅಪರೂಪ. ಹೆಚ್ಚಾಗಿ ಮೊದಲ ವರ್ಷದಲ್ಲೇ, ಜೋರಾಗಿ, ಜ್ವರದ ಜೊತೆ ಬರುತ್ತದೆ. 7 ವರ್ಷ ಸುಮ್ನಿದ್ದು ಈಗ ನಿಧಾನಕ್ಕೆ ಶುರುವಾದ ಕೆಮ್ಮು ನೋಡಿದರೆ, ಕೀಲುವಾತವೇ ಶ್ವಾಸಕೋಶಕ್ಕೆ ಇಳಿದಿರಬಹುದು. ಆಗ ಗುಳಿಗೆ ಬಿಟ್ಟರೆ ಕೀಲು ಮತ್ತೆ ಬಾತುಕೊಳ್ಳುತ್ತವೆ. ಸೋತ ಶ್ವಾಸಕೋಶ ಇನ್ನೊಂದು ಪೆಟ್ಟು ತಡೆಯಲಾರದು ಅಂತ ಶ್ವಾಸಕೋಶದ ಡಾಕ್ಟರು ಹೆದರುವುದೂ ಸರಿಯೇ. ಇಂಥ ಶ್ವಾಸಕೋಶದ ತೊಂದರೆಗೆ ಅಮೆರಿಕದ ಕೀಲು ತಜ್ಞರು 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಹೆಚ್ಚಿನ ಸಲಹೆಗಳು ‘ರೋಗಿಯನ್ನು ನೋಡಿಕೊಂಡು’ ಅನ್ನುವಂಥವೇ. ಗಟ್ಟಿ ಪುರಾವೆ ಕಡಿಮೆ. ಅದಕ್ಕೇ ಒಬ್ಬೊಬ್ಬ ಡಾಕ್ಟರದ್ದು ಒಂದೊಂದು ದಾರಿ.

ಅಂದಹಾಗೆ, ಇಳಕಲ್ ಅಂದಿರಿ. ಅಪ್ಪ ಏನು ಕೆಲಸ ಮಾಡುತ್ತಿದ್ದರು?

ಇಳಕಲ್‌ನಿಂದ: ಗ್ರಾನೈಟ್ ಕಟಿಂಗ್, ಪಾಲಿಶ್. 20 ವರ್ಷ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು.

ಡಾಕ್ಟರ್: ಇದನ್ನು ಆ ಇಬ್ಬರಿಗೂ ಹೇಳಿದ್ದೀರಾ? ಗ್ರಾನೈಟಿನ ಸಿಲಿಕಾ ಧೂಳು ಟವೆಲಿಗೆ ನಿಲ್ಲುವುದಿಲ್ಲ. ಅದೊಂದೇ ಸಾಕು ಶ್ವಾಸಕೋಶ ಗಟ್ಟಿಯಾಗಲು. ಟಿಬಿ ಅಪಾಯವೂ ಜಾಸ್ತಿ, ಕೀಲುವಾತದ್ದೂ ಜಾಸ್ತಿ. ಬರೀ ಎಕ್ಸ್‌ರೇ ಸಾಲದು. ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್), ಊದುವ ಪರೀಕ್ಷೆ, ಕಫದಲ್ಲಿ ಟಿಬಿ ಟೆಸ್ಟ್ ಆಗಬೇಕು. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ, ಅಂಗಳದಲ್ಲಿ ನಿಧಾನಕ್ಕೆ ನಡೆಸಿ. ಕೂತಾಗ ಎಷ್ಟು, ನಡೆದ ಮೇಲೆ ಎಷ್ಟು, ಬರೆಯಿರಿ. ದಮ್ಮು ಹತ್ತಿದರೆ ನಿಲ್ಲಿಸಿ.

ಗೋಕಾಕದಿಂದ: ಮೆಥೋಟ್ರೆಕ್ಸೇಟ್ ದಿನಾ ತಗೊಳ್ಳೋದಾ ಸರ್?

ಡಾಕ್ಟರ್: ವಾರಕ್ಕೆ ಒಂದೇ ದಿನ. ದಿನಾ ನುಂಗಿ ಜೀವ ಹೋದದ್ದುಂಟು.

ವಿಜಯಪುರದಿಂದ: ಫಾರ್ವರ್ಡ್ ಬಂದದ್ದು. ಆಡುಸೋಗೆ ರಸ, ಶುಂಠಿ, ಬೆಲ್ಲ. 21 ದಿನದಲ್ಲಿ ಲಂಗ್ಸ್ ಕ್ಲೀನ್! ಸ್ಟೀರಾಯ್ಡ್ ಇವತ್ತೇ ಬಿಡಿ!!

ಡಾಕ್ಟರ್: ಈ ವಾರ ಇದು ಮೂರನೇ ಸಲ. ಶ್ವಾಸಕೋಶ ಏನು ಲಾಟೀನಿನ ಗಾಜಾ, ಒರೆಸಿ ಇಡೋಕೆ? ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡವರು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಬೀಳುತ್ತಾರೆ. ಡಿಲೀಟ್ ಮಾಡಿ.

ವಿಜಯಪುರದಿಂದ: ನಮ್ಮ ಅಜ್ಜಿ ಇದರಲ್ಲೇ 90 ದಾಟಿದರು ರೀ.

ಗೋಕಾಕದಿಂದ: ಅಜ್ಜಿಗೆ ಕೀಲುವಾತ ಇತ್ತಾ?

ಅಥಣಿಯಿಂದ: ಇದೆಲ್ಲ ಬಿಡ್ರಿ. ಸೀದಾ ಮಿರಜಕ್ಕೆ ಹೋಗಿ.

ಗೋಕಾಕದಿಂದ: ಬೆಳಗಾವಿಯಲ್ಲಿ ಡಾಕ್ಟರಿಲ್ವಾ? ಮಾತೆತ್ತಿದರೆ ಮಿರಜ!

ಅಥಣಿಯಿಂದ: ನಮಗೆ ಅದೇ ಹತ್ತಿರ. ನಿಮಗ್ಯಾಕೆ ಉರಿ?

ಮುಧೋಳದಿಂದ: ಸರ್, ಅಕ್ಕನಿಗೆ ಸ್ಕ್ಲೀರೋಡರ್ಮಾ. ಚರ್ಮ ಬಿಗಿದಿದೆ, ಚಳಿಗೆ ಬೆರಳು ಬೆಳ್ಳಗಾಗುತ್ತವೆ. ಶ್ವಾಸಕೋಶಕ್ಕೂ ಬಂದಿದೆ. ಪಕ್ಕದ ಮನೆಯವರ ಕೀಲುವಾತದ ಕೆಮ್ಮು ಸ್ಟೀರಾಯ್ಡಿಗೆ ಇಳಿಯಿತು. ಇವಳಿಗೂ ಕೊಡಿಸಲಾ?

ಡಾಕ್ಟರ್: ಬೇಡ. ಅದು ಬೇರೆ, ಇದು ಬೇರೆ. ಇದರಲ್ಲಿ ಸ್ಟೀರಾಯ್ಡ್ ಜಾಸ್ತಿಯಾದರೆ ಬಿಪಿ ಏರಿ ಕಿಡ್ನಿ ಕೈಕೊಡಬಹುದು. ಅದೇ ಮಾರ್ಗಸೂಚಿ ಇಲ್ಲಿ ಸ್ಟೀರಾಯ್ಡ್ ಖಡಾಖಂಡಿತವಾಗಿ ಬೇಡ ಅನ್ನುತ್ತದೆ. ಮೈಕೋಫಿನೋಲೇಟ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಅಕ್ಕನಿಗೆ ಮಕ್ಕಳಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಿ, ಬಸಿರಿನಲ್ಲಿ ಆ ಗುಳಿಗೆ ಆಗದು.

ಮುಧೋಳದಿಂದ: ನಿಂಟೆಡಾನಿಬ್ ಕೂಡ ಬರೆದಿದ್ದಾರೆ. ತಿಂಗಳಿಗೆ ಎಷ್ಟು ಖರ್ಚಾಗುತ್ತೆ?

ಬಾದಾಮಿಯಿಂದ: ಮೆಥೋಟ್ರೆಕ್ಸೇಟ್ ದಿನಾನಾ, ವಾರಕ್ಕಾ?

ಡಾಕ್ಟರ್: ಮೇಲೆ ಓದಿ.

ಬಾದಾಮಿಯಿಂದ: ಒಂದು ಮಾತು ಹೇಳಿದರೆ ಏನಾಗುತ್ತಿತ್ತು?

ಇಳಕಲ್‌ನಿಂದ: ಸರ್, ಕೂತಾಗ 95 ಇತ್ತು. ನಾಲ್ಕು ಸುತ್ತಿಗೆ 86. ನಿಲ್ಲಿಸಿದೆ.

ಡಾಕ್ಟರ್: ಇವತ್ತೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೊರಡಿ. ಹಳೆಯ ಎಕ್ಸ್‌ರೇ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ. ಗ್ರಾನೈಟ್ ಕೆಲಸದ ಮಾತು ಮೊದಲು ಹೇಳಿ. ಈ ವಾರದ ಮೆಥೋಟ್ರೆಕ್ಸೇಟ್ ತಗೊಳ್ಳೋದಾ ಬೇಡವಾ ಅಂತ ಅಲ್ಲೇ ಕೇಳಿ, ಕೀಲಿನ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಇಬ್ಬರೂ ಮಾತಾಡಲಿ.

ಅಥಣಿಯಿಂದ: ಮಿರಜಕ್ಕೇ ಹೋಗಿ ಅಂದಿದ್ದೆ.