ಸ್ಟಾರ್ ಟ್ರೇಲ್‌ಗೆ ಕನ್ನಡದಲ್ಲಿ ಏನನ್ನೋಣ: ಚುಕ್ಕಿಗೆರೆಯೋ, ಚುಕ್ಕಿಜಾಡೋ?

ಎಲ್ಲರಿಗೂ ನಮಸ್ಕಾರ.

ರಾತ್ರಿ ಹೊತ್ತು ಕ್ಯಾಮೆರಾದ ಶಟರ್ ಬಹಳ ಹೊತ್ತು ತೆರೆದಿಟ್ಟು ಆಕಾಶದ ಫೋಟೋ ತೆಗೆದರೆ ನಕ್ಷತ್ರಗಳು ಚುಕ್ಕಿಯಾಗಿ ಉಳಿಯುವುದಿಲ್ಲ. ಉದ್ದುದ್ದ ಗೆರೆಗಳಾಗಿ ಮೂಡುತ್ತವೆ. ಇಂಥ ಚಿತ್ರಕ್ಕೆ ಫೋಟೋ ತೆಗೆಯುವವರು ಸ್ಟಾರ್ ಟ್ರೇಲ್ ಅನ್ನುತ್ತಾರೆ. ತೆಗೆಯುವ ವಿಧಾನಕ್ಕೆ ಲಾಂಗ್ ಎಕ್ಸ್‌ಪೋಜರ್ ಅನ್ನುತ್ತಾರೆ. ಈ ಎರಡಕ್ಕೂ ಕನ್ನಡದಲ್ಲಿ ನೀವು ಏನು ಬಳಸುತ್ತೀರಿ? ನಿಮ್ಮ ಕಡೆ ಯಾರಾದರೂ ಏನಾದರೂ ಅನ್ನುವುದನ್ನು ಕೇಳಿದ್ದೀರಾ?

ಕೇಳುವುದಕ್ಕೆ ಕಾರಣ ಇದೆ. ನಮ್ಮ ಅಣ್ಣನ ಮಗ ಚಳಿಗಾಲದಲ್ಲಿ ಗುಡಿಬಂಡೆ ಸುತ್ತಮುತ್ತ ಇಂಥ ಚಿತ್ರಗಳನ್ನು ತೆಗೆದಿದ್ದಾನೆ. ಅವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹೈಸ್ಕೂಲು ಮಕ್ಕಳಿಗೆ ತೋರಿಸಬೇಕು ಅಂತಿದ್ದೇವೆ. ಒಂದೊಂದು ಚಿತ್ರದ ಕೆಳಗೂ ಎರಡು ಸಾಲು ಕನ್ನಡ ಬರೆಯುವ ಕೆಲಸ ನನ್ನದು. ಮಕ್ಕಳು ಓದಿದ ಕೂಡಲೇ ಚಿತ್ರದಲ್ಲಿ ಏನಾಗಿದೆ ಅಂತ ಹೊಳೆಯಬೇಕು. ಹಾಗಾಗಿ ಸುಮ್ನೆ ಒಂದು ಪದ ಹೊಂದಿಸಿಬಿಟ್ಟರೆ ನನಗೆ ಸಮಾಧಾನವಿಲ್ಲ.

ಮೊದಲು ಕೈಗೆ ಸಿಗುವ ಪದಗಳನ್ನು ನೋಡೋಣ. ‘ನಕ್ಷತ್ರ ಪಥ’, ‘ತಾರಾಪಥ’, ‘ನಕ್ಷತ್ರ ರೇಖೆ’. ಪಥ ಅನ್ನುವುದರಲ್ಲಿ ನನಗೆ ಒಂದು ತೊಡಕು ಕಾಣುತ್ತದೆ. ಮಕ್ಕಳು ವಿಜ್ಞಾನದ ಪಾಠದಲ್ಲಿ ಗ್ರಹಗಳ ಪಥ, ಭೂಮಿಯ ಪಥ ಅಂತ ಓದಿರುತ್ತಾರೆ. ಅಲ್ಲಿ ಪಥ ಅಂದರೆ ಸೂರ್ಯನ ಸುತ್ತ ಸುತ್ತುವ ದಾರಿ. ‘ನಕ್ಷತ್ರ ಪಥ’ ಅಂತ ಬರೆದರೆ ನಕ್ಷತ್ರವೂ ಹಾಗೇ ಸುತ್ತು ಹಾಕುತ್ತಿದೆ ಅಂದುಕೊಳ್ಳುತ್ತಾರೆ. ಚಿತ್ರದಲ್ಲಿರುವುದು ಅದಲ್ಲ. ಭೂಮಿ ತನ್ನ ಅಕ್ಷದ ಮೇಲೆ ತಿರುಗಿದ್ದು ಹೀಗೆ ಗೆರೆಯಾಗಿ ಕಾಣುತ್ತಿದೆ. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅಂದರೆ ಗಂಟೆಗೆ ಸುಮಾರು 15 ಡಿಗ್ರಿ. ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರದಿಂದ ತುಂಬಾ ದೂರ ಇರುವ ನಕ್ಷತ್ರಕ್ಕೆ ಗಂಟೆಗೆ ಒಂದೂವರೆ ಮುಷ್ಟಿ ಉದ್ದದ ಗೆರೆ ಬರುತ್ತದೆ ಅಂತ ಲೆಕ್ಕ. ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು ಅಂಥ ನಕ್ಷತ್ರಕ್ಕೆ ಎರಡೇ ನಿಮಿಷ ಸಾಕು.

ಇನ್ನು ‘ನಕ್ಷತ್ರ ಚಕ್ರ’, ‘ನಕ್ಷತ್ರ ಸುಳಿ’ ಅಂತ ಗೆಳೆಯರೊಬ್ಬರು ಸೂಚಿಸಿದರು. ಧ್ರುವ ನಕ್ಷತ್ರದ ಸುತ್ತ ಉಂಗುರ ಉಂಗುರವಾಗಿ ಬಂದ ಚಿತ್ರ ನೋಡಿದವರಿಗೆ ಅದು ಸರಿ ಅನ್ನಿಸುತ್ತದೆ. ಆದರೆ ನಮ್ಮ ಜಿಲ್ಲೆಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಯಾಕೆ ಅಂದರೆ, ಉತ್ತರಾರ್ಧಗೋಳದ ಯಾವ ಊರಿನಲ್ಲಿ ನಿಂತು ನೋಡಿದರೂ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ. ಯುರೋಪಿನ ಬಹಳಷ್ಟು ಊರುಗಳಲ್ಲಿ ಅದು ಆಕಾಶದ ಅರ್ಧಕ್ಕೂ ಮೇಲೆ ಇರುತ್ತದೆ, ಉಂಗುರಗಳು ದೊಡ್ಡದಾಗಿ ಬರುತ್ತವೆ. ಚಿಕ್ಕಬಳ್ಳಾಪುರ ಇರುವುದು 13.4 ಡಿಗ್ರಿಯಲ್ಲಿ. ಇಲ್ಲಿ ಧ್ರುವ ಬಾನಂಚಿನಿಂದ ಒಂದು ಮುಷ್ಟಿಗಿಂತ ಸ್ವಲ್ಪವೇ ಮೇಲೆ. ಎದುರಿಗೆ ಒಂದು ಬೆಟ್ಟವೋ ಹುಣಸೆ ಮರವೋ ಇದ್ದರೆ ಮರೆಯಾಗಿಬಿಡುತ್ತದೆ. ಅದರ ಹತ್ತಿರದ ನಕ್ಷತ್ರಗಳು ಮಾತ್ರ ಮುಳುಗದೆ ಸುತ್ತುತ್ತವೆ. ಉಳಿದ ಗೆರೆಗಳೆಲ್ಲ ಅರ್ಧಕ್ಕೆ ನೆಲ ಮುಟ್ಟುತ್ತವೆ.

ಪೂರ್ವಕ್ಕೆ ಕ್ಯಾಮೆರಾ ತಿರುಗಿಸಿದರೆ ನಮ್ಮ ಕಡೆಯ ಆಕಾಶದ ಗುಣವೇ ಬೇರೆ ಅಂತ ಗೊತ್ತಾಗುತ್ತದೆ. ಇಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತವೆ. ನೆಲಕ್ಕೆ 76, 77 ಡಿಗ್ರಿ ಕೋನ. ಅಣ್ಣನ ಮಗ ತೆಗೆದ ಒಂದು ಚಿತ್ರ ನನ್ನ ಮುಂದಿದೆ. ಕೆಳಗೆ ರಾಗಿ ಹುಲ್ಲಿನ ಮೆದೆ, ಕಪ್ಪಗೆ. ಅದರ ಹಿಂದಿನಿಂದ ಮಹಾವ್ಯಾಧ (ಇಂಗ್ಲಿಷಿನಲ್ಲಿ ಓರಿಯನ್ ಅನ್ನುವ ನಕ್ಷತ್ರಪುಂಜ) ಮೇಲೆ ಬರುತ್ತಿದ್ದಾನೆ. ಅವನ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರ. ಅವು ಆಕಾಶದ ಸಮಭಾಜಕ ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಳ್ಳುವ ಗೆರೆಯ) ಹತ್ತಿರ ಇರುವುದೇ ಇದಕ್ಕೆ ಕಾರಣ. ಅದರ ಎಡಕ್ಕಿರುವ ಗೆರೆಗಳು ಎಡಕ್ಕೆ ಬಾಗಿವೆ, ಬಲಕ್ಕಿರುವವು ಬಲಕ್ಕೆ. ಇನ್ನೂ ಹತ್ತಿರದಿಂದ ನೋಡಿದರೆ ಗೆರೆಗಳಿಗೆ ಬಣ್ಣ ಇದೆ. ಆರ್ದ್ರಾದ ಗೆರೆ ಕಿತ್ತಳೆ, ವ್ಯಾಧನ ಕಾಲಿನ ಬಳಿಯ ರೈಜೆಲ್‌ನ ಗೆರೆ ನೀಲಿ ಬೆರೆತ ಬಿಳಿ. ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಬಣ್ಣ ತಿಳಿಯುವುದಿಲ್ಲ. ಈ ಚಿತ್ರಕ್ಕೆ ‘ಚಕ್ರ’ ಅಂತ ಹೆಸರಿಟ್ಟರೆ ಮಕ್ಕಳು ಚಕ್ರ ಎಲ್ಲಿ ಅಂತ ಕೇಳುತ್ತಾರೆ.

ಆರ್ದ್ರಾ ಅಂದ ಕೂಡಲೇ ಇನ್ನೊಂದು ಮಾತು. ನಮ್ಮ ರೈತರು ಆರಿದ್ರಾ ಮಳೆ ಅನ್ನುವುದು ಜೂನ್ ಕೊನೆಯ ಭಾಗದ ಮಳೆಗೆ. ಆಗ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ, ಹಾಗಾಗಿ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಅದೇ ಆರಿದ್ರಾ ಡಿಸೆಂಬರ್ ಜನವರಿಯಲ್ಲಿ ರಾತ್ರಿಯೆಲ್ಲ ಕಾಣುತ್ತದೆ. ಮಳೆ ಲೆಕ್ಕ ಬಾಯಿಪಾಠ ಇರುವ ಎಷ್ಟೋ ಜನ ಆ ನಕ್ಷತ್ರ ಯಾವುದು ಅಂತ ನೋಡಿಲ್ಲ. ಚಿತ್ರದ ಕೆಳಗೆ ಇದನ್ನು ಬರೆದೇ ಬರೆಯುತ್ತೇನೆ.

ಸರಿ, ಈಗ ‘ಗೆರೆ’. ನೇರ ಇದ್ದರೂ ಗೆರೆ, ಬಾಗಿದ್ದರೂ ಗೆರೆ. ಎಲ್ಲ ಚಿತ್ರಕ್ಕೂ ಹೊಂದುತ್ತದೆ. ನಕ್ಷತ್ರಕ್ಕೆ ಚುಕ್ಕಿ ಅಂತ ಒಳ್ಳೇ ಪದ ಇದೆ. ಬೆಳ್ಳಿಚುಕ್ಕಿ, ಬಾಲಚುಕ್ಕಿ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಕಡೆ ಚಿಕ್ಕಿ ಅನ್ನುತ್ತಾರೆ. ಹಳಗನ್ನಡದ ‘ಅರಿಲ್’ ಈಗ ಯಾರ ಬಾಯಲ್ಲೂ ಇಲ್ಲ, ಅದನ್ನು ಬಿಡೋಣ. ನಮ್ಮ ಗುಡಿಬಂಡೆ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ. ಅವರೂ ನಕ್ಷತ್ರಕ್ಕೆ ಚುಕ್ಕ ಅನ್ನುತ್ತಾರೆ. ಮುಂಜಾನೆಯ ಶುಕ್ರ ವೇಗುಚುಕ್ಕ, ಧೂಮಕೇತು ತೋಕಚುಕ್ಕ. ಹಾಗಾಗಿ ಚುಕ್ಕಿ ಅಂದರೆ ಎರಡೂ ಭಾಷೆಯ ಮಕ್ಕಳಿಗೆ ಹತ್ತಿರ.

ಆದರೆ ‘ಚುಕ್ಕಿಗೆರೆ’ ಅಂತ ಸೇರಿಸಿದರೆ? ಶಾಲೆಯಲ್ಲಿ ಚುಕ್ಕಿಗೆರೆ ಅಂದರೆ ಚುಕ್ಕಿ ಚುಕ್ಕಿ ಇಟ್ಟು ಎಳೆದ ಗೆರೆ. ರೇಖಾಗಣಿತದ ಪುಸ್ತಕದಲ್ಲಿ, ಭೂಪಟದ ಗಡಿಯಲ್ಲಿ ಇರುತ್ತದಲ್ವಾ, ಅದು. ಈ ಗೊಂದಲ ಬರೀ ಮಾತಿನದ್ದಲ್ಲ. ನಮ್ಮ ಆಕಾಶದ ಚಿತ್ರಗಳಲ್ಲಿ ನಿಜವಾದ ಚುಕ್ಕಿಗೆರೆಗಳೂ ಇರುತ್ತವೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು. ಅಲ್ಲಿಗೆ ಬರುವ, ಅಲ್ಲಿಂದ ಏಳುವ ವಿಮಾನಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಆಕಾಶದಲ್ಲಿ ಹಾದುಹೋಗುತ್ತವೆ. ವಿಮಾನದ ಮಿಣುಕು ದೀಪ ಬಿಟ್ಟು ಬಿಟ್ಟು ಹೊತ್ತುತ್ತದೆ. ಶಟರ್ ತೆರೆದಿರುವಾಗ ವಿಮಾನ ಹಾದುಹೋದರೆ ತೆಳುವಾದ ಗೆರೆ, ಅದರ ಮೇಲೆ ಸಮ ದೂರದಲ್ಲಿ ಚುಕ್ಕಿ, ಚುಕ್ಕಿ, ಚುಕ್ಕಿ. ಮಗುವಿಗೆ ‘ಚುಕ್ಕಿಗೆರೆ ನೋಡು’ ಅಂದರೆ ಅದು ಬೊಟ್ಟು ಮಾಡುವುದು ವಿಮಾನವನ್ನೇ.

ಇನ್ನೊಂದು ರೀತಿಯಲ್ಲೂ ಚುಕ್ಕಿಗೆರೆ ಬರುತ್ತದೆ. ಫಿಲಂ ಕಾಲದಲ್ಲಿ ಶಟರನ್ನು ಗಂಟೆಗಟ್ಟಲೆ ಒಂದೇ ಸಲ ತೆರೆದಿಡುತ್ತಿದ್ದರು. ಡಿಜಿಟಲ್‌ನಲ್ಲಿ ಹಾಗೆ ಮಾಡಿದರೆ ಸೆನ್ಸರ್ ಬಿಸಿಯಾಗಿ ಗ್ರೇನ್ಸ್ (ಚಿತ್ರದ ತುಂಬ ಕಾಳು ಕಾಳಾಗಿ ಕಾಣುವ ಕಲೆ) ಜಾಸ್ತಿಯಾಗುತ್ತದೆ. ಊರ ದೀಪಗಳಿಂದ ಆಕಾಶವೂ ಬೆಳ್ಳಗಾಗಿಬಿಡುತ್ತದೆ. ಅದಕ್ಕೇ ಈಗ 30 ಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಒಂದು ಗಂಟೆಗೆ 120ರ ಹತ್ತಿರ ಚಿತ್ರಗಳು. ಕ್ಯಾಮೆರಾದಲ್ಲಿ ಗ್ರೇನ್ಸ್ ಕಡಿಮೆ ಮಾಡುವ ಒಂದು ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಪ್ರತಿ ಚಿತ್ರ ಆದಮೇಲೆ ಅಷ್ಟೇ ಹೊತ್ತು ಶಟರ್ ಮುಚ್ಚಿಕೊಂಡು ಇನ್ನೊಂದು ಕತ್ತಲ ಚಿತ್ರ ತೆಗೆದುಕೊಳ್ಳುತ್ತದೆ. ಆ 30 ಸೆಕೆಂಡು ಆಕಾಶ ನಿಲ್ಲುವುದಿಲ್ಲ. ಪೇರಿಸಿ ನೋಡಿದರೆ ಗೆರೆ ತುಂಡು ತುಂಡು. (ಸ್ಟ್ಯಾಕ್ ಮಾಡುವುದಕ್ಕೆ ‘ಪೇರಿಸು’ ಅನ್ನೋದು ನನಗೆ ತುಂಬಾ ಹಿಡಿಸಿದೆ. ಇದರ ಬಗ್ಗೆ ಯಾರಿಗೂ ತಕರಾರು ಇರಲಾರದು.)

ಈ ಎಲ್ಲ ಯೋಚಿಸಿ ನಾನು ‘ಚುಕ್ಕಿಜಾಡು’ ಕಡೆಗೆ ವಾಲಿದ್ದೇನೆ. ಜಾಡು ಅಂದರೆ ಹಾದುಹೋದದ್ದು ಬಿಟ್ಟುಹೋದ ಗುರುತು. ಬಂಡಿಜಾಡು, ಚಿರತೆಯ ಜಾಡು ಅನ್ನುತ್ತೇವೆ. ಜಾಡು ಹಿಡಿದು ಹೋಗುವುದು ಅನ್ನುತ್ತೇವೆ. ಪ್ರಾಣಿ ಈಗ ಅಲ್ಲಿಲ್ಲ, ಆದರೆ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಜಾಡು ಹೇಳುತ್ತದೆ. ಈ ಚಿತ್ರವೂ ಅದನ್ನೇ ಹೇಳುತ್ತದೆ. ‘ಗೆರೆ’ಯಲ್ಲಿ ಈ ಹೊತ್ತು ಕಳೆದ ಅರ್ಥ ಇಲ್ಲ.

ಇದಕ್ಕೆ ಬರಬಹುದಾದ ಎರಡು ಆಕ್ಷೇಪ ನನಗೇ ಹೊಳೆದಿವೆ. ಒಂದು, ಉಲ್ಕೆ. ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕೆಗಳು ಜೋರಾಗಿ ಬೀಳುತ್ತವೆ. ಅವು ಕ್ಷಣದಲ್ಲಿ ಒಂದು ಗೀರು ಎಳೆದು ಮಾಯವಾಗುತ್ತವೆ. ಅದನ್ನೂ ಜಾಡು ಅನ್ನಬಹುದಲ್ಲ? ಅನ್ನಬಹುದು. ಆದರೆ ಉಲ್ಕೆಯದ್ದಕ್ಕೆ ‘ಗೀರು’ ಅನ್ನೋದೇ ಸರಿ ಅನ್ನಿಸುತ್ತದೆ. ಎರಡೂ ತುದಿ ಸಣ್ಣ, ನಡುವೆ ದಪ್ಪ, ಬೇರೆ ಗೆರೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿರುತ್ತದೆ. ನೋಡಿದರೆ ಗೀರೇ.

ಎರಡನೆಯದು ಸ್ವಲ್ಪ ಗಟ್ಟಿ ಆಕ್ಷೇಪ. ನಮ್ಮ ಊರಿನ ವಿಜ್ಞಾನದ ಮೇಷ್ಟ್ರೇ ಇದನ್ನು ಕೇಳಿದರು. ‘ಸಾರ್, ನಕ್ಷತ್ರ ನಡೆದೇ ಇಲ್ಲವಲ್ಲ, ತಿರುಗಿದ್ದು ಭೂಮಿ. ಜಾಡು ಯಾರದ್ದು?’ ಅಂದರು. ಪಥವನ್ನು ಬೇಡ ಅಂದ ಕಾರಣವೇ ಇಲ್ಲೂ ಬರುತ್ತದೆ ಅನ್ನೋದು ಅವರ ವಾದ. ನನ್ನ ಉತ್ತರ ಇದು. ಸೂರ್ಯ ಹುಟ್ಟಿದ, ಚಂದ್ರ ಕಂತಿದ, ಬೆಳ್ಳಿ ಮೂಡಿತು ಅನ್ನುತ್ತೇವೆ. ಕಣ್ಣಿಗೆ ಕಂಡದ್ದನ್ನು ಹೇಳುವ ಮಾತು ಇವು. ಜಾಡೂ ಅಂಥದ್ದೇ. ಪಥ ಹಾಗಲ್ಲ, ಅದು ಪಾಠಪುಸ್ತಕದಲ್ಲಿ ಬೇರೊಂದು ಅರ್ಥಕ್ಕೆ ಗೊತ್ತಾಗಿಬಿಟ್ಟಿರುವ ಪದ. ಆರ್ಯಭಟ ಐದನೇ ಶತಮಾನದ ಕೊನೆಯಲ್ಲೇ ಈ ವಿಷಯ ಹೇಳಿದ್ದಾನೆ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮೇಲೆ ನಿಂತಿರುವುದೆಲ್ಲ ಹಿಂದೆ ಹೋದಂತೆ ಕಾಣುತ್ತದೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುವುದೂ ಹಾಗೇ ಅಂತ. ಚುಕ್ಕಿಜಾಡು ಅಂತ ಹೆಸರಿಟ್ಟು, ಕೆಳಗೆ ಆರ್ಯಭಟನ ಈ ಮಾತು ಬರೆದರೆ ಮೇಷ್ಟ್ರಿಗೂ ಸಮಾಧಾನ ಆಗಬಹುದು.

ಲಾಂಗ್ ಎಕ್ಸ್‌ಪೋಜರ್ ವಿಷಯ ಚುಟುಕಾಗಿ ಕೇಳುತ್ತೇನೆ. ‘ದೀರ್ಘ ಒಡ್ಡಿಕೆ’ ಅಂತ ಕೆಲವರು ಬರೆಯುತ್ತಾರೆ. ಬಿಸಿಲಿಗೆ ಒಡ್ಡು, ಬೆಂಕಿಗೆ ಕೈ ಒಡ್ಡು ಅನ್ನುವ ಕ್ರಿಯಾಪದ ಸೊಗಸಾಗಿದೆ. ಫಿಲಮ್ಮನ್ನೋ ಸೆನ್ಸರನ್ನೋ ಬೆಳಕಿಗೆ ಒಡ್ಡುವುದು ಅಂದರೆ ಅರ್ಥವೂ ಆಗುತ್ತದೆ. ‘ಒಡ್ಡಿಕೆ’ ಅಂತ ನಾಮಪದ ಮಾಡಿದ ಕೂಡಲೇ ಅದು ಕಚೇರಿ ಕಾಗದದ ಪದ ಆಗಿಬಿಡುತ್ತದೆ. ‘ಒಡ್ಡು’ ಅಂತಲೇ ಇಟ್ಟರೆ ನಮ್ಮ ಹೊಲದವರಿಗೆ ಮಣ್ಣಿನ ಒಡ್ಡು ನೆನಪಾಗುತ್ತದೆ. ‘ನೀಳ’ ಅಂತ ಸೇರಿಸುವವರಿದ್ದಾರೆ. ಅದು ಕೂದಲಿಗೆ, ಕೈಬೆರಳಿಗೆ ಸರಿ, ಹೊತ್ತಿಗಲ್ಲ. ಸ್ಟುಡಿಯೋದವರನ್ನು ಕೇಳಿದರೆ ‘ಎಕ್ಸ್‌ಪೋಜ್ ಜಾಸ್ತಿ ಆಯ್ತು’, ‘ಓವರ್ ಆಗಿದೆ’, ‘ಶೇಕ್ ಆಗಿದೆ’ ಅನ್ನುತ್ತಾರೆ. ಹಳಬರು ‘ಬಲ್ಬ್‌ಗೆ ಹಾಕು’ ಅನ್ನುತ್ತಾರೆ. ಹಿಂದೆ ಶಟರಿಗೆ ಕೊಳವೆ ಸೇರಿಸಿದ ರಬ್ಬರ್ ಬುರುಡೆ ಇರುತ್ತಿತ್ತು. ಅದನ್ನು ಅದುಮಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತಿತ್ತು. ಕ್ಯಾಮೆರಾದಲ್ಲಿ ಇಂದಿಗೂ ಬಿ ಅಂತ ಇರುವುದು ಅದರ ನೆನಪಿಗೇ.

ನನಗೆ ಅನ್ನಿಸುವುದು, ಇಲ್ಲಿ ನಾಮಪದವೇ ಬೇಕಾಗಿಲ್ಲ. ‘ಶಟರ್ ಒಂದು ಗಂಟೆ ತೆರೆದಿಟ್ಟು ತೆಗೆದದ್ದು’ ಅಂತ ಬರೆದರೆ ಮುಗಿಯಿತು. ‘ಒಂದು ಗಂಟೆಯ ದೀರ್ಘ ಒಡ್ಡಿಕೆಯ ಛಾಯಾಚಿತ್ರ’ಕ್ಕಿಂತ ಇದು ಸಲೀಸು. ಎಕ್ಸ್‌ಪೋಜರ್ ಅನ್ನುವ ಪದ ಬೇಕೇಬೇಕಾದ ಕಡೆ ಎಕ್ಸ್‌ಪೋಜರ್ ಅಂತಲೇ ಬರೆಯುತ್ತೇನೆ.

ಕೊನೆಯದಾಗಿ ಒಂದು ಸಣ್ಣ ಅನುಮಾನ. ಚಳಿಗಾಲದಲ್ಲಿ ರಾತ್ರಿ ಕಳೆದಂತೆ ಲೆನ್ಸ್ ಗಾಜಿನ ಮೇಲೆ ಸಣ್ಣ ಹನಿ ಕಟ್ಟಿ ಚಿತ್ರ ಮಸುಕಾಗುತ್ತದೆ. ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದರಿಂದ ಹೀಗಾಗುತ್ತದೆ. ಅವರೆ ಹೂವಿನ ಮೇಲೆ ಬೀಳುವುದಕ್ಕೆ ನಮ್ಮ ಕಡೆ ಇಬ್ಬನಿ ಅಂತಲೂ ಮಂಜು ಅಂತಲೂ ಅನ್ನುತ್ತಾರೆ. ಲೆನ್ಸ್‌ದಕ್ಕೆ ಮಾತ್ರ ಎಲ್ಲರೂ ‘ಮಂಜು ಕೂತಿದೆ’ ಅನ್ನುತ್ತಾರೆ. ಇಬ್ಬನಿ ಅಂದರೆ ತಪ್ಪಾಗುತ್ತದಾ?

ಹಾಗಾದರೆ ನಾನು ಕೇಳುತ್ತಿರುವುದು ಇಷ್ಟು. ಚುಕ್ಕಿ ಅನ್ನುವ ಪದ ನಕ್ಷತ್ರ ಅನ್ನುವ ಅರ್ಥದಲ್ಲಿ ತುಮಕೂರು, ಕೋಲಾರದ ಕನ್ನಡದಲ್ಲಿ ಮಾತಿನಲ್ಲಿ ಇನ್ನೂ ಇದೆಯಾ, ಇಲ್ಲ ರಂಗೋಲಿಗೆ ಮಾತ್ರ ಉಳಿದಿದೆಯಾ? ಜಾಡು ಅನ್ನುವುದಕ್ಕೆ ನಿಮ್ಮ ಕಡೆ ಬೇರೆ ಅರ್ಥದ ಎಳೆ ಏನಾದರೂ ಇದೆಯಾ? ರಾತ್ರಿ ಹೊಲ ಕಾಯುವವರು, ಕುರಿ ಮೇಯಿಸುವವರು ನಕ್ಷತ್ರ ಸರಿಯುವುದನ್ನು ನೋಡಿ ಹೊತ್ತು ಹೇಳುತ್ತಾರಲ್ಲ, ಆ ಸರಿಯುವಿಕೆಗೆ ಅವರು ಯಾವ ಮಾತು ಬಳಸುತ್ತಾರೆ? ಅಂಥವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಸಂಕ್ರಾಂತಿಗೆ ಮೊದಲು ಚಿತ್ರಗಳು ಅಚ್ಚಿಗೆ ಹೋಗಬೇಕು. ಅದಕ್ಕಿಂತ ಒಳ್ಳೆಯ ಪದ ಬಂದರೆ ಚುಕ್ಕಿಜಾಡನ್ನು ತೆಗೆದು ಅದನ್ನೇ ಹಾಕುತ್ತೇನೆ.