ಸಹಾಯ ಬೇಕು: ಲೆಕ್ಕ ಸರಿ, ವಿಡಿಯೊ ಮಾತ್ರ ತಡ

ತೀರ್ಥಹಳ್ಳಿ ಬಳಿಯ ನಮ್ಮ ಮನೆಗೆ ಸೆಕೆಂಡಿಗೆ 40 ಮೆಗಾಬಿಟ್ ವೇಗದ ಇಂಟರ್ನೆಟ್ ಬಂದಿದೆ. ತಮ್ಮನ ಮದುವೆಯ 12 ಗಿಗಾಬೈಟ್ ವಿಡಿಯೊವನ್ನು ಶಿವಮೊಗ್ಗದ ಅಕ್ಕನಿಗೆ ಕಳುಹಿಸಬೇಕಿತ್ತು. 8 ಬಿಟ್ ಸೇರಿದರೆ 1 ಬೈಟ್ ತಾನೆ? 40ನ್ನು 8ರಿಂದ ಭಾಗಿಸಿದೆ: ಸೆಕೆಂಡಿಗೆ 5 ಮೆಗಾಬೈಟ್. 12,000 ಮೆಗಾಬೈಟಿಗೆ 2,400 ಸೆಕೆಂಡು, ಅಂದರೆ 40 ನಿಮಿಷ. ಹಿಡಿದದ್ದು ಐದು ಗಂಟೆ! ಅಷ್ಟರಲ್ಲಿ ಪೆನ್‌ಡ್ರೈವ್ ಜೇಬಿಗಿಳಿಸಿ ಬಸ್ಸು ಹತ್ತಿದ್ದರೆ ಅಕ್ಕನ ಮನೆಯಲ್ಲಿ ಕಾಫಿ ಕುಡಿದೇ ಮರಳಬಹುದಿತ್ತು.

ಹಿಂದಿನಿಂದ ಲೆಕ್ಕ ಹಾಕಿದರೆ ಸಿಕ್ಕಿದ ವೇಗ ಸುಮಾರು 5.3 ಮೆಗಾಬಿಟ್ ಮಾತ್ರ. ಆ 40 ಬರೀ ಡೌನ್‌ಲೋಡಿನ ಅಂಕಿಯೇ? ಅಪ್‌ಲೋಡ್ ವೇಗವನ್ನು ಬೇರೆಯಾಗಿ ಕೇಳಬೇಕಿತ್ತೇ? ಮಳೆಯ ಮೇಲೆ ಗೂಬೆ ಕೂರಿಸುವ ಮುನ್ನ ಯಾವ ಪರೀಕ್ಷೆ ಮಾಡಲಿ? ಬಲ್ಲವರು ತಿಳಿಸಿ. ನಾಮಕರಣದ ವಿಡಿಯೊ ಇನ್ನೂ ಬಾಕಿಯಿದೆ.