ಹಳೇ ಎರಡಂತಸ್ತಿನ ಮನೆ, ಮೇಲಿನ ರೂಮಿನಲ್ಲಿ ವೈಫೈ ನಿಲ್ಲುತ್ತಿಲ್ಲ. ಯಾವ ರೂಟರ್ ತಗೊಳ್ಳಲಿ?

ಹೊಳೆಬದಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳೇ ಮನೆ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ ಇರಬಹುದು. ಮೇಲೆ ಎರಡು ರೂಮು ಆಮೇಲೆ ಕಟ್ಟಿಸಿದ್ದು, ನಡುವೆ ಆರ್‌ಸಿಸಿ. 200 ಎಂಬಿಪಿಎಸ್ ಫೈಬರ್ ಪ್ಲಾನ್ ಇದೆ. ಕಂಪನಿಯವರು ಕೊಟ್ಟ ವೈಫೈ ಬಾಕ್ಸ್ ಜಗಲಿಯ ಮೂಲೆಯಲ್ಲಿ, ಟಿವಿ ಪಕ್ಕದಲ್ಲಿದೆ. ನಾನು ಕೆಲಸ ಮಾಡುವುದು ಮೇಲಿನ ರೂಮಿನಲ್ಲಿ. ಮೀಟಿಂಗ್ ಶುರುವಾದರೆ ಸಾಕು, ಎದುರಿನವರ ಮುಖ ಅಲ್ಲೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಬರುತ್ತದೆ. ಫೋನಿನಲ್ಲಿ ನೋಡಿದರೆ ಎರಡು ಕಡ್ಡಿ ತೋರಿಸುತ್ತಿರುತ್ತದೆ.

ಅಂಗಡಿಯಲ್ಲಿ ಕೇಳಿದರೆ ನಾಲ್ಕು ಆಂಟೆನಾದ ಎಎಕ್ಸ್3000 ತಗೊಳ್ಳಿ, ಇಡೀ ಮನೆಗೆ ಸಾಕು ಅಂದರು. ಗೆಳೆಯ ವೈಫೈನ ಹೊಸ ತಲೆಮಾರು ವೈಫೈ 7 ಬಂದಿದೆ, ತಗೊಳ್ಳುವುದಾದರೆ ಅದನ್ನೇ ತಗೋ ಅಂತಾನೆ. ಬಜೆಟ್ 8,000 ರೂಪಾಯಿ. ಅಪ್ಪ ಕೆಳಗೆ ಯೂಟ್ಯೂಬ್ ನೋಡುತ್ತಾರೆ, ತಂಗಿಗೆ ಆನ್‌ಲೈನ್ ಕ್ಲಾಸ್ ಇರುತ್ತದೆ. ಒಂದ್ಸಲ ಹಾಕಿದರೆ ಐದಾರು ವರ್ಷ ಬಾಳಿಕೆ ಬರಬೇಕು. ಯಾವುದು ತಗೊಳ್ಳಲಿ ಹೇಳಿ.

ಎಂಟುತಂತಿ:

ಸರ್, ಈಗಲೇ ದುಡ್ಡು ಬಿಚ್ಚಬೇಡಿ. ತೊಂದರೆ ಎಲ್ಲಿದೆ ಅಂತ ಮೊದಲು ನೋಡಿ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ ಆ ಬಾಕ್ಸಿನಿಂದಲೇ ಸ್ಪೀಡ್ ಟೆಸ್ಟ್ ಮಾಡಿ. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡಿನಲ್ಲಿ ಬರುತ್ತದೆ; ಆಮೇಲೆ ಬಾಕ್ಸ್ ಪಕ್ಕ ನಿಂತು ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ಮಾಡಿ. ಕೊನೆಗೆ ನಿಮ್ಮ ರೂಮಿನಲ್ಲಿ ಮಾಡಿ.

ಕೇಬಲ್ಲಿನಲ್ಲೇ 200 ಬರುತ್ತಿಲ್ಲ ಅಂದರೆ ಯಾವ ರೂಟರ್ ತಂದರೂ ಪ್ರಯೋಜನವಿಲ್ಲ, ಕಂಪನಿಗೆ ಫೋನ್ ಮಾಡಿ. ಸರಿಯಾಗಿ 94-95ಕ್ಕೆ ನಿಂತುಬಿಟ್ಟರೆ ಬಾಕ್ಸಿನ ಪೋರ್ಟ್ (ಕೇಬಲ್ ಚುಚ್ಚುವ ಜಾಗ) 100 ಎಂಬಿಪಿಎಸ್ ಮಿತಿಯದ್ದು, ಇಲ್ಲಾ ಕೇಬಲ್ ತುದಿಯಲ್ಲಿ ನಾಲ್ಕೇ ತಂತಿ ಜೋಡಿಸಿದ್ದಾರೆ ಅಂತ ಅರ್ಥ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಬರಬೇಕಾದರೆ ಎಂಟೂ ತಂತಿ ಬೇಕು. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ, ಸುಮ್ನೆ ರೂಟರ್ ಬದಲಾಯಿಸುತ್ತಾ ಇರುತ್ತಾರೆ.

ಪಕ್ಕದಲ್ಲಿ ಚೆನ್ನಾಗಿ ಬಂದು ಮೇಲೆ ಹೋದಾಗ ಬಿದ್ದುಹೋದರೆ ಅದು ಗೋಡೆ ಮತ್ತು ಸ್ಲ್ಯಾಬಿನ ಕೆಲಸ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವುದು ಕಷ್ಟ. ದಾಟದಿದ್ದಾಗ ಫೋನು ತಾನೇ 2.4ಕ್ಕೆ ಇಳಿಯುತ್ತದೆ. ಕಡ್ಡಿ ಎರಡು ತೋರಿಸಿದರೂ ಡೇಟಾ ಸರಿಯಾಗಿ ಹೋಗುತ್ತಿರುವುದಿಲ್ಲ.

ಹೊಳೆಬದಿ:

ಈಗ ಮಾಡಿ ನೋಡಿದೆ. ಕೇಬಲ್ಲಿನಲ್ಲಿ 204 ಬಂತು. ಬಾಕ್ಸ್ ಪಕ್ಕ ಫೋನಿನಲ್ಲಿ 190ರ ಆಸುಪಾಸು. ಮೇಲಿನ ರೂಮಿನಲ್ಲಿ ಒಮ್ಮೆ 14, ಒಮ್ಮೆ 6, ನಡುವೆ ಟೆಸ್ಟೇ ನಿಂತುಹೋಗುತ್ತದೆ. ಹಾಗಾದರೆ ಜೋರಾದ ರೂಟರ್ ತಂದರೆ ಸರಿಹೋಗಬೇಕಲ್ವಾ?

ಕರಾವಳಿ_ನೆಟ್:

ಹೋಗಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ವೈಫೈ ಒಮ್ಮುಖ ಅಲ್ಲ. ರೂಟರ್ ಕಳಿಸಿದ್ದು ಫೋನಿಗೆ ಬರಬೇಕು, ಫೋನು ಕಳಿಸಿದ್ದು ರೂಟರಿಗೆ ಮುಟ್ಟಬೇಕು. ಮೈಕ್ ಹಿಡಿದವನ ಮಾತು ಮೈದಾನಕ್ಕೆಲ್ಲ ಕೇಳಿಸುತ್ತದೆ, ಆದರೆ ಆ ತುದಿಯಲ್ಲಿ ನಿಂತವನು ಬರೀ ಬಾಯಲ್ಲಿ ಹೇಳಿದ್ದು ಮೈಕ್ ಹಿಡಿದವನಿಗೆ ಕೇಳಿಸುವುದಿಲ್ಲ. ಫೋನಿನ ರೇಡಿಯೋ ಚಿಕ್ಕದು, ಬ್ಯಾಟರಿ ಉಳಿಸಬೇಕು. ನೀವು ಎಂಥ ರೂಟರ್ ತಂದರೂ ಅದು ಬದಲಾಗುವುದಿಲ್ಲ. ಮೀಟಿಂಗಿನಲ್ಲಿ ನಿಮ್ಮ ಮಾತು ಅವರಿಗೆ ತುಂಡಾಗುವುದೂ ಇದಕ್ಕೇ.

ಇನ್ನು ಬಾಕ್ಸ್ ಮೇಲಿನ ದೊಡ್ಡ ನಂಬರ್. ಎಎಕ್ಸ್3000 ಅಂದರೆ 2.4ರಲ್ಲಿ 574, 5ರಲ್ಲಿ 2402, ಎರಡನ್ನೂ ಕೂಡಿಸಿ ಹತ್ತಿರದ ಸಾವಿರಕ್ಕೆ ಏರಿಸಿದ್ದು. ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಬ್ಯಾಂಡಿನಲ್ಲಿರುತ್ತದೆ. ಆ 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಸಿಕ್ಕಾಗ ಮಾತ್ರ, ಫೋನೂ ಅದಕ್ಕೆ ಒಗ್ಗಬೇಕು. 80 ಮೆಗಾಹರ್ಟ್ಸ್ ಫೋನಿಗೆ ಸಿಗುವ ಲಿಂಕ್ ಹೆಚ್ಚೆಂದರೆ 1201. ನಿಮ್ಮ ಪ್ಲಾನ್ ಇರುವುದು 200. ಆಂಟೆನಾ ಎಷ್ಟಿವೆ ಅಂತ ಎಣಿಸುವುದೂ ಬೇಡ.

ವೈಫೈ 7 ಸದ್ಯಕ್ಕೆ ಬಿಟ್ಟುಬಿಡಿ. ಅದಕ್ಕೆ ಸರ್ಟಿಫಿಕೇಟ್ ಕೊಡಲು ಶುರುವಾಗಿದ್ದೇ 2024ರ ಜನವರಿಯಲ್ಲಿ, ವೈಫೈ 7 ಇಲ್ಲದ ಫೋನುಗಳಿಗೆ ಅದರ ಹೊಸ ಸೌಲಭ್ಯಗಳು ಸಿಗುವುದಿಲ್ಲ. ಬಿಇ3600 ಅಂತ ಬರೆದ ಅಗ್ಗದ ವೈಫೈ 7 ರೂಟರುಗಳಲ್ಲಿ 6 ಗಿಗಾಹರ್ಟ್ಸ್ ಅನ್ನುವ ಮೂರನೇ ಬ್ಯಾಂಡ್ ಇರುವುದೇ ಇಲ್ಲ. ಇದ್ದರೂ 6 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ 5ಕ್ಕಿಂತ ಹಿಂದೆಯೇ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವುದು ಇಷ್ಟು: ಜಗಲಿಯ ಬಾಕ್ಸಿನಿಂದ ಮೇಲಿನ ರೂಮಿಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಅದರ ತುದಿಗೆ ಒಂದು ಮಧ್ಯಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಇಡುತ್ತೇನೆ. ಟಿಪಿ-ಲಿಂಕ್ ಆರ್ಚರ್ ಸಿ6 ಸಾಕು. ವೈಫೈ 6 ಬೇಕೆಂದರೆ ಎಎಕ್ಸ್23 ನೋಡಿ. ಸಿ50 ಬೇಡ, ಅದರ ಪೋರ್ಟುಗಳು 100ರವು, ನಿಮ್ಮ 200 ಅಲ್ಲೇ ಅರ್ಧ ಆಗುತ್ತದೆ. ಬೇರೆ ಕಂಪನಿಯದಾದರೂ ಪರವಾಗಿಲ್ಲ, ಗಿಗಾಬಿಟ್ ಪೋರ್ಟ್ ಮತ್ತು ಆಕ್ಸೆಸ್ ಪಾಯಿಂಟ್ ಮೋಡ್ ಎರಡೂ ಇರಲಿ. ತಗೊಳ್ಳುವ ಮುಂಚೆ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ ಆ ಮಾಡೆಲಿಗೆ ಕೊನೇ ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಯಾವಾಗ ಬಂತು ನೋಡಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ವರ್ಶನ್ ಇರುತ್ತವೆ, ರೂಟರ್ ತಳದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಐದಾರು ವರ್ಷ ಬಾಳಬೇಕು ಅಂದಿರಲ್ಲ, ಅಪ್‌ಡೇಟ್ ನಿಂತುಹೋದ ರೂಟರನ್ನು ಅಷ್ಟು ವರ್ಷ ಇಟ್ಟುಕೊಳ್ಳಬಾರದು.

ಕೇಬಲ್ ಪೂರ್ತಿ ತಾಮ್ರದ್ದೇ ಕೇಳಿ. ಸಿಸಿಎ ಅಂತ ಬರೆದಿದ್ದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಮಡಚಿದರೆ ಬೇಗ ಮುರಿಯುತ್ತದೆ.

ಮೆಶ್_ಮನೆ:

ಕೇಬಲ್ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಎಲ್ಲರ ಮನೆಯಲ್ಲೂ ಗೋಡೆ ಕೊರೆಯಲು ಬಿಡುವುದಿಲ್ಲ, ಅದರಲ್ಲೂ ಹಳೇ ಮನೆಯಲ್ಲಿ. ಎರಡು ಯೂನಿಟ್ಟಿನ ಮೆಶ್ ಸೆಟ್, ಅಂದರೆ ವೈರಿಲ್ಲದೆ ಒಂದಕ್ಕೊಂದು ಮಾತಾಡಿ ಒಂದೇ ವೈಫೈ ಕೊಡುವ ಬಾಕ್ಸುಗಳು, ಹಾಕಿ ನೋಡಬಹುದು. ಟಿಪಿ-ಲಿಂಕಿನ ಡೆಕೋ ಎಂ4ರಲ್ಲಿ ಗಿಗಾಬಿಟ್ ಪೋರ್ಟ್ ಇದೆ, ಇ4ರಲ್ಲಿ ಇಲ್ಲ, ನೋಡಿ ತಗೊಳ್ಳಿ. ಎರಡನೇ ಯೂನಿಟ್ಟನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಇಡುತ್ತಾರೆ ಕೆಲವರು. ಅದಕ್ಕೇ ಸಿಗ್ನಲ್ ಬರದಿದ್ದರೆ ನಿಮಗೆಲ್ಲಿಂದ ಕೊಡಬೇಕು? ಮೆಟ್ಟಿಲ ತಿರುವಿನಲ್ಲಿ ಇಡಿ. ಕೆಳಗಿನ ಬಾಕ್ಸೂ ಕಾಣಬೇಕು, ಮೇಲಿನ ಬಾಗಿಲೂ ಕಾಣಬೇಕು, ಅಂಥ ಜಾಗ.

ಕರಾವಳಿ_ನೆಟ್:

ಮೆಟ್ಟಿಲು ತೆರೆದಿದ್ದರೆ ನಡೆಯುತ್ತದೆ. ಆದರೆ ಈ ದರದ ಮೆಶ್‌ಗಳಲ್ಲಿ ಒಂದೇ 5 ಗಿಗಾಹರ್ಟ್ಸ್ ರೇಡಿಯೋ ಇರುತ್ತದೆ. ಕೆಳಗಿನದರ ಜೊತೆ ಮಾತಾಡುವುದೂ ಅದೇ, ನಿಮ್ಮ ಲ್ಯಾಪ್‌ಟಾಪ್ ಜೊತೆ ಮಾತಾಡುವುದೂ ಅದೇ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡೌನ್‌ಲೋಡಿಗೆ ಅದು ಸಾಕಾದೀತು, ದಿನಕ್ಕೆ ನಾಲ್ಕು ಗಂಟೆ ಮೀಟಿಂಗ್ ಮಾಡುವವರಿಗೆ ಕೇಬಲ್ ಕೊಡುವ ನೆಮ್ಮದಿ ಮೆಶ್ ಕೊಡುವುದಿಲ್ಲ. ಮೆಶ್ ತಂದರೂ ಎರಡು ಯೂನಿಟ್ ನಡುವೆ ಕೇಬಲ್ ಹಾಕುವ ಅವಕಾಶ ಇದೆ, ಮುಂದೆ ಯಾವತ್ತಾದರೂ ಹಾಕಿಸಿ.

ಹೊಳೆಬದಿ:

ಅಪ್ಪನನ್ನು ಕೇಳಿದೆ. ಕಲ್ಲಿನ ಗೋಡೆ ಮುಟ್ಟುವುದು ಬೇಡ, ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಕರೆಂಟ್ ಪೈಪ್ ಮೇಲೆ ಹೋಗಿದೆಯಲ್ಲ, ಅದರ ಪಕ್ಕ ಸ್ಲ್ಯಾಬಿನಲ್ಲಿ ಒಂದು ತೂತು ಕೊರೆಸು ಅಂದರು. ಕೇಬಲ್ಲನ್ನು ಕರೆಂಟ್ ಪೈಪಿನೊಳಗೇ ತೂರಿಸಬಹುದಾ? ಮತ್ತೆ ಈ ಆಕ್ಸೆಸ್ ಪಾಯಿಂಟ್ ಮೋಡ್ ಅಂದರೆ ಏನು ಮಾಡಬೇಕು?

ಎಂಟುತಂತಿ:

ಕರೆಂಟ್ ಪೈಪಿನೊಳಗೆ ಬೇಡವೇ ಬೇಡ. ಬೇರೆ ಪಿವಿಸಿ ಪೈಪ್ ಹಾಕಿಸಿ, ಸ್ವಲ್ಪ ದೂರದಲ್ಲಿ ಹೋಗಲಿ. ತೂತು ಕೊರೆಯುವಾಗ ಕನೆಕ್ಟರ್ ಇಲ್ಲದ ಕೇಬಲ್ ತೂರಿಸಿ ಆಮೇಲೆ ತುದಿ ಕಟ್ಟಿಸಿದರೆ ಚಿಕ್ಕ ತೂತು ಸಾಕಾಗುತ್ತದೆ. ಎಂಟೂ ತಂತಿ ಕಟ್ಟಿಸಿ, ಮುಂದೆ ನಿಂತು ನೋಡಿ.

ಮೋಡ್ ಬಗ್ಗೆ: ರೂಟರಿನ ಸೆಟ್ಟಿಂಗಿನಲ್ಲಿ ಆಪರೇಶನ್ ಮೋಡ್ ಅಂತ ಇರುತ್ತದೆ, ಅಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ. ಆಗ ಐಪಿ ಅಡ್ರೆಸ್ ಹಂಚುವ ಕೆಲಸ ಕೆಳಗಿನ ಬಾಕ್ಸಿಗೆ ಬಿಟ್ಟು ಇದು ವೈಫೈ ಮಾತ್ರ ಕೊಡುತ್ತದೆ. ಹಾಗೆ ಮಾಡದಿದ್ದರೆ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗಿ, ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ಕಾಸ್ಟ್ ಮಾಡಲು (ವಿಡಿಯೋ ಕಳಿಸಲು) ಆಗುವುದಿಲ್ಲ. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ, ಮೆಟ್ಟಿಲು ಹತ್ತಿದಾಗ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. 2.4ರ ಚಾನೆಲ್ ಮಾತ್ರ ಬೇರೆ ಬೇರೆ ಇರಲಿ, ಕೆಳಗೆ 1 ಇಟ್ಟರೆ ಮೇಲೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬರೆಯದೆ ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ.

ಗುಡುಗು_ಮಳೆ:

ಮಲೆನಾಡಿನವರು ಅಂತ ಗೊತ್ತಾಗಿ ಬರೆಯುತ್ತಿದ್ದೇನೆ. ಏಪ್ರಿಲ್-ಮೇ ತಿಂಗಳ ಗುಡುಗಿನಲ್ಲಿ ನಮ್ಮ ಕಡೆ ಸುಟ್ಟುಹೋಗುವ ರೂಟರುಗಳಿಗೆ ಲೆಕ್ಕವಿಲ್ಲ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಎಳೆದ ಕೇಬಲ್ಲಿನಲ್ಲಿ ಗಟ್ಟಿಯಾಗಲಿ ಅಂತ ಉಕ್ಕಿನ ತಂತಿ ಇರುವುದುಂಟು. ಕರೆಂಟ್ ಲೈನಿನಿಂದ ಅಡಾಪ್ಟರ್ ಮೂಲಕವೂ ಬರುತ್ತದೆ. ಈಗ ಎಳೆಸುವ ಕ್ಯಾಟ್ 6 ತಾಮ್ರದ್ದು, ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆಗೂ ಹೋಗುತ್ತದೆ. ಹಾಗಾಗಿ ಅದನ್ನು ಮನೆಯೊಳಗೇ ಒಯ್ಯಿರಿ, ಹೊರಗೋಡೆ ಮೇಲೆ ಬೇಡ. ಗುಡುಗು ಶುರುವಾದರೆ ಎರಡೂ ಅಡಾಪ್ಟರ್ ಸಾಕೆಟ್ಟಿನಿಂದ ಕಿತ್ತು, ಲ್ಯಾನ್ ಕೇಬಲ್ಲನ್ನೂ ಒಂದು ತುದಿಯಲ್ಲಿ ಬಿಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಕರೆಂಟ್ ಹೋದಾಗ ಮೀಟಿಂಗ್ ನಿಲ್ಲಬಾರದು ಅಂದರೆ ರೂಟರಿನ ಚಿಕ್ಕ ಯುಪಿಎಸ್ ಸಿಗುತ್ತದೆ. ಕೆಳಗಿನ ಬಾಕ್ಸಿಗೂ ಬೇಕು, ಮೇಲಿನ ರೂಟರಿಗೂ ಬೇಕು, ಒಂದಕ್ಕೇ ಹಾಕಿದರೆ ಉಪಯೋಗವಿಲ್ಲ. ತಗೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ ಬರೆದದ್ದನ್ನು ಫೋಟೋ ತೆಗೆದುಕೊಂಡು ಹೋಗಿ. 12 ವೋಲ್ಟ್ ಇದ್ದರೆ ಯುಪಿಎಸ್ಸೂ 12 ವೋಲ್ಟಿನದ್ದೇ ಆಗಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. 1.5 ಆಂಪಿಯರ್ ಕೇಳುವ ಬಾಕ್ಸಿಗೆ 1 ಆಂಪಿಯರಿನದ್ದು ಹಾಕಿದರೆ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ, ನೀವು ಮತ್ತೆ ರೂಟರನ್ನೇ ಬೈಯುತ್ತೀರಿ.

ಹೊಳೆಬದಿ:

ಕೆಳಗಿನ ಬಾಕ್ಸಿನ ಅಡಾಪ್ಟರ್ 12 ವೋಲ್ಟ್, 1.5 ಆಂಪಿಯರ್ ಇದೆ. ಎಎಕ್ಸ್23 ತಗೊಳ್ಳುತ್ತೇನೆ, ಕೇಬಲ್ ಭಾನುವಾರ ಎಳೆಸುವುದು. ಉಳಿದ ದುಡ್ಡಿಗೆ ಎರಡು ಯುಪಿಎಸ್. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಕೊನೇ ಪ್ರಶ್ನೆ, ಮೇಲಿನ ರೂಮಿನಲ್ಲಿ ಅದನ್ನು ಕಬ್ಬಿಣದ ಬೀರು ಮೇಲೆ ಇಡಬಹುದಾ? ಅಲ್ಲೊಂದೇ ಜಾಗ ಖಾಲಿ ಇದೆ.

ಕರಾವಳಿ_ನೆಟ್:

ಬೀರು ಮೇಲೆ ಬೇಡ, ಕಬ್ಬಿಣ ಸಿಗ್ನಲ್ ತಡೆಯುತ್ತದೆ. ಗೋಡೆಗೆ ಎರಡು ಸ್ಕ್ರೂ ಹೊಡೆದು ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ ನೇತುಹಾಕಿ, ತಳದಲ್ಲಿ ಅದಕ್ಕೆಂದೇ ತೂತು ಕೊಟ್ಟಿದ್ದರೆ ಸುಲಭ. ಸುತ್ತ ಗಾಳಿಯಾಡಲಿ. ಲ್ಯಾಪ್‌ಟಾಪ್ ಮೇಜು ಅಲ್ಲೇ ಹತ್ತಿರ ಇದ್ದರೆ ರೂಟರಿನ ಹಿಂದಿನ ಪೋರ್ಟಿನಿಂದ ಲ್ಯಾಪ್‌ಟಾಪಿಗೂ ಒಂದು ಚಿಕ್ಕ ಕೇಬಲ್ ಹಾಕಿಬಿಡಿ, ಮೀಟಿಂಗ್ ಪೂರ್ತಿ ವೈರಿನ ಮೇಲೆ ನಡೆಯುತ್ತದೆ.